ಗುದ್ದಿದ ಮೇಲೆ ಗಾಡಿ ಸ್ಟಾರ್ಟ್ ಮಾಡಬೇಡಿ, ಕ್ಲೇಮ್ ಅಲ್ಲೇ ಕೈತಪ್ಪುತ್ತದೆ

ಮುಂದಿನ ಗಾಡಿ ಗಕ್ಕನೆ ನಿಂತಿತು. ಬ್ರೇಕ್ ಒತ್ತಿದರೂ ಹೋಗಿ ಗುದ್ದಿದೆ. ಯಾರಿಗೂ ಪೆಟ್ಟಾಗಲಿಲ್ಲ. ಬಂಪರ್ ಒಳಕ್ಕೆ ಹೋಗಿತ್ತು, ಒಂದು ಹೆಡ್‌ಲೈಟ್ ಪುಡಿಯಾಗಿತ್ತು, ಅಷ್ಟೇ ಅಂದುಕೊಂಡೆ. ಇನ್ಶೂರೆನ್ಸ್ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆ. "ಗಾಡಿ ಸ್ಟಾರ್ಟ್ ಆಗುತ್ತಾ ಸಾರ್?" ಅಂದರು. ಆಗುತ್ತೆ ಅಂದೆ. "ಹಾಗಾದ್ರೆ ಗ್ಯಾರೇಜಿಗೆ ತಂದುಬಿಡಿ" ಅಂದರು. ಆ ಮಾತು ನಂಬಿ ಓಡಿಸಿದ್ದೇ ನಾನು ಮಾಡಿದ ದೊಡ್ಡ ತಪ್ಪು.

ಬಂಪರ್ ಹಿಂದೆ ರೇಡಿಯೇಟರ್ ಸೀಳಿ, ಎಂಜಿನ್ನನ್ನು ತಣ್ಣಗಿಡುವ ಕೂಲಂಟ್ ದ್ರವ ದಾರಿಯುದ್ದಕ್ಕೂ ಸೋರುತ್ತಿತ್ತು. ಟೆಂಪರೇಚರ್ ಮುಳ್ಳಿನ ಮೇಲೆ ಕಣ್ಣಿಟ್ಟೇ ಇದ್ದೆ, ಅದು ಮೇಲೇಳಲೇ ಇಲ್ಲ. ಸೆನ್ಸರ್ ಅಳೆಯುವುದು ಕೂಲಂಟಿನ ಬಿಸಿಯನ್ನು. ಕೂಲಂಟೇ ಖಾಲಿಯಾದರೆ ಮುಳ್ಳನ್ನು ನಂಬುವ ಹಾಗಿಲ್ಲ ಅನ್ನುವುದು ಆಮೇಲೆ ಗೊತ್ತಾಯಿತು. ಗ್ಯಾರೇಜ್ ಇನ್ನೂ ದೂರ ಇರುವಾಗಲೇ ಎಂಜಿನ್ ನಿಂತುಹೋಯಿತು. ಮೆಕ್ಯಾನಿಕ್ ಆಯಿಲ್ ಕಡ್ಡಿ ಎಳೆದು, ಬಟ್ಟೆಗೆ ಒರೆಸಿ, ನನ್ನ ಮುಖದ ಮುಂದೆ ಹಿಡಿದ. ಆಯಿಲ್ ನೊರೆನೊರೆಯಾಗಿ, ಹಾಲು ಬೆರೆಸಿದ ಹಾಗೆ ಕಂದು ಬಣ್ಣಕ್ಕೆ ತಿರುಗಿತ್ತು. ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನ ಸೀಲು) ಹೋಗಿ ಕೂಲಂಟ್ ಆಯಿಲಿಗೆ ಸೇರಿದೆ, ಹೆಡ್ ಕೂಡ ಬಾಗಿರಬಹುದು ಅಂದ.

ಹಾನಿ ಅಳೆಯಲು ಇನ್ಶೂರೆನ್ಸ್ ಕಂಪನಿ ಕಳಿಸಿದ ಸರ್ವೇಯರ್ ಬಂಪರ್, ಲೈಟ್, ರೇಡಿಯೇಟರ್ ಮಂಜೂರು ಮಾಡಿದರು. ಎಂಜಿನ್ನಿಗೆ ಸೊನ್ನೆ. "ಇದು ಅಪಘಾತದ ನೇರ ಪರಿಣಾಮ ಅಲ್ಲ, ಆಮೇಲೆ ಓಡಿಸಿದ್ದರಿಂದ ಆದ ಹಾನಿ." ಪಾಲಿಸಿ ತೆಗೆದು ನೋಡಿದೆ. ಅಪಘಾತದ ನಂತರ ಹಾನಿ ಹೆಚ್ಚಾಗದಂತೆ ನೋಡಿಕೊಳ್ಳುವುದು ಮಾಲೀಕನ ಹೊಣೆ ಎಂದು ಒಂದು ಸಾಲು ಇತ್ತು. ಇಂಥ ಸಾಲು ಬಹಳಷ್ಟು ವಾಹನ ಪಾಲಿಸಿಗಳಲ್ಲಿ ಇರುತ್ತದೆ, ನಿಮ್ಮದನ್ನೂ ಇವತ್ತೇ ತೆಗೆದು ನೋಡಿ. ನಿಮ್ಮವರೇ ಓಡಿಸಿಕೊಂಡು ಬನ್ನಿ ಅಂದಿದ್ದು ಅಂದರೆ, "ಅದಕ್ಕೆ ದಾಖಲೆ ಏನಿದೆ?" ಅಂತ ನನ್ನನ್ನೇ ಕೇಳಿದರು. ನನ್ನ ಹತ್ತಿರ ಏನಿತ್ತು? ಗುದ್ದಿದ ಜಾಗದಲ್ಲಿ ಗಾಡಿಯ ಕೆಳಗಿನ ಒಂದು ಫೋಟೋ ಕೂಡ ತೆಗೆದಿರಲಿಲ್ಲ. ನೆಲದ ಮೇಲೆ ಚೆಲ್ಲಿದ ಕೂಲಂಟಿನ ಒಂದು ಫೋಟೋ ಇದ್ದಿದ್ದರೆ ರೇಡಿಯೇಟರ್ ಅಲ್ಲೇ ಒಡೆದಿತ್ತು ಎಂದು ತೋರಿಸಬಹುದಿತ್ತು. ಹಾಗಾಗಿ ಹೇಳುತ್ತೇನೆ: ಎಂಜಿನ್ ಆಫ್ ಮಾಡಿ, ಬಗ್ಗಿ ನೋಡಿ, ಫೋಟೋ ತೆಗೆಯಿರಿ, ಟೋಯಿಂಗ್ ಕರೆಸಿ. ಸಹಾಯವಾಣಿಯವರು ಏನೇ ಹೇಳಲಿ, "ನೀವು ಹೀಗೆ ಹೇಳಿದ್ರಿ" ಅಂತ ತಕ್ಷಣ ಅವರಿಗೇ ಒಂದು ಮೆಸೇಜ್ ಅಥವಾ ಮೇಲ್ ಹಾಕಿ.

ಇನ್ನೊಂದು ಪೆಟ್ಟು ಗ್ಯಾರೇಜಿನಿಂದಲೇ ಬಿತ್ತು. ಸರ್ವೇಯರ್ ಬರುವ ಮೊದಲೇ ಅವರು ಮುಂಭಾಗ ಪೂರ್ತಿ ಬಿಚ್ಚಿ ರೇಡಿಯೇಟರನ್ನು ಗುಜರಿ ಮೂಲೆಗೆ ಎಸೆದಿದ್ದರು. ಸೀಳು ಎಲ್ಲಿತ್ತು, ಎಷ್ಟು ದೊಡ್ಡದಿತ್ತು ಅನ್ನುವುದೇ ನನ್ನ ವಾದದ ಜೀವಾಳ. ಅದನ್ನು ಕಬ್ಬಿಣದ ರಾಶಿಯಿಂದ ನಾನೇ ಹುಡುಕಿ ತೆಗೆಯಬೇಕಾಯಿತು. "ನಾನು ಎದುರಿಗಿಲ್ಲದೆ ಬಿಚ್ಚಬೇಡಿ, ಹಳೇ ಭಾಗ ಎಸೆಯಬೇಡಿ" ಎಂದು ಗ್ಯಾರೇಜಿನವರು ಕೆಲಸ ಬರೆದುಕೊಳ್ಳುವ ಜಾಬ್ ಕಾರ್ಡಿನಲ್ಲೇ ಬರೆಸಿ.

ಆಮೇಲೆ ಇನ್ಶೂರೆನ್ಸ್ ಕಂಪನಿಯಿಂದ ಒಂದು ವೋಚರ್ ಬಂತು. ಮಂಜೂರಾದ ಹಣಕ್ಕೆ ಸಹಿ ಹಾಕಿ, ಇವತ್ತೇ ಜಮಾ ಆಗುತ್ತೆ ಅಂದರು. ಸಾಲ ಮಾಡಿ ಎಂಜಿನ್ ಕೆಲಸ ಮಾಡಿಸುತ್ತಿದ್ದ ನನಗೆ ಕೈ ತುರಿಸಿದ್ದು ನಿಜ. ಕೊನೇ ಸಾಲಿನಲ್ಲಿ, "ಇದು ಪೂರ್ಣ ಮತ್ತು ಅಂತಿಮ ಇತ್ಯರ್ಥ" ಎಂದಿತ್ತು. ಸಹಿ ಹಾಕಿದ್ದರೆ ಎಂಜಿನ್ ವಿಷಯ ಮತ್ತೆ ಎತ್ತುವುದು ತುಂಬಾ ಕಷ್ಟವಾಗುತ್ತಿತ್ತು. ಹಾಕಲಿಲ್ಲ. ಸರ್ವೇ ವರದಿಯ ಪ್ರತಿ, ಯಾವ ಷರತ್ತಿನ ಪ್ರಕಾರ ತಿರಸ್ಕರಿಸಿದಿರಿ ಎಂಬ ಲಿಖಿತ ಕಾರಣ, ಆ ದಿನದ ನನ್ನ ಕರೆಯ ರೆಕಾರ್ಡಿಂಗ್, ಈ ಮೂರನ್ನೂ ಕೇಳಿ ಕಂಪನಿಯ ದೂರು ವಿಭಾಗಕ್ಕೆ ಬರೆದೆ. ಅಲ್ಲಿಯವರೆಗೆ ಫೋನ್ ಎತ್ತದವರು, ಪತ್ರ ಮುಟ್ಟಿದ ಮೇಲೆ ಮರುಪರಿಶೀಲನೆ ಮಾಡುತ್ತೇವೆ ಎಂದು ಉತ್ತರಿಸಿದ್ದಾರೆ.

ಇನ್ನೂ ಇತ್ಯರ್ಥ ಆಗಿಲ್ಲ. ಆ ಸೀಳಿದ ರೇಡಿಯೇಟರನ್ನು ಗೋಣಿಚೀಲದಲ್ಲಿ ಸುತ್ತಿ ಮನೆಯಲ್ಲೇ ಇಟ್ಟುಕೊಂಡಿದ್ದೇನೆ, ಎರಡನೇ ಸರ್ವೇಯರ್ ಬಂದರೆ ತೋರಿಸಲಿಕ್ಕೆ.