ಪಾಸ್‌ವರ್ಡ್ ಕೊಡದೆ ಏಜೆನ್ಸಿಗೆ ಕೆಲಸ ಕೊಡುವುದು: ಮೆಟಾ ಪಾರ್ಟ್ನರ್ ಆಕ್ಸೆಸ್ ಬಳಸಿದ ಅನುಭವ

ನಮ್ಮದು ದಾವಣಗೆರೆಯ ಚೌಕಿಪೇಟೆ ಕಡೆ ಸೀರೆ ಅಂಗಡಿ. ಹಳೇ ಗಿರಾಕಿಗಳಿಗೆ ಜಾಹೀರಾತು ಬೇಕಿಲ್ಲ, ಮದುವೆ ಗೊತ್ತಾದ ಕೂಡಲೇ ಮನೆಮಂದಿಯೆಲ್ಲ ಬಂದು ಕೂರುತ್ತಾರೆ. ಆದರೆ ಹರಿಹರ, ರಾಣೆಬೆನ್ನೂರು, ಜಗಳೂರು ಕಡೆಯ ಹೊಸಬರು ಬರೋದು ಇನ್‌ಸ್ಟಾಗ್ರಾಂನಲ್ಲಿ ಸೀರೆ ನೋಡಿ. ಅದನ್ನು ನೋಡಿಕೊಳ್ಳೋಕೆ ಒಂದು ಏಜೆನ್ಸಿ ಇಟ್ಟುಕೊಂಡಿದ್ದೇವೆ. ಅವರಿಗೆ ನಮ್ಮ ಆಡ್ ಅಕೌಂಟ್ (ಜಾಹೀರಾತು ಓಡಿಸೋ ಖಾತೆ) ತೆರೆದುಕೊಟ್ಟಿರೋದು ಫೇಸ್‌ಬುಕ್, ಇನ್‌ಸ್ಟಾಗ್ರಾಂ ನಡೆಸುವ ಮೆಟಾ ಕಂಪನಿಯ ಪಾರ್ಟ್ನರ್ ಆಕ್ಸೆಸ್ ಮೂಲಕ, ಅಂದರೆ ಪಾಸ್‌ವರ್ಡ್ ಕೊಡದೆ ಬೇರೆಯವರಿಗೆ ನಮ್ಮ ಖಾತೆಯಲ್ಲಿ ಕೆಲಸ ಮಾಡೋಕೆ ಬಿಡುವ ವ್ಯವಸ್ಥೆ. ಕೆಲವು ಸೀಸನ್ ಬಳಸಿದ ಮೇಲೆ ಬರೆಯುತ್ತಿದ್ದೇನೆ.

ಎಲ್ಲಿ ಒತ್ತಬೇಕು ಅನ್ನೋ ವೀಡಿಯೊಗಳು ಬೇಕಾದಷ್ಟಿವೆ, ಅದನ್ನೆಲ್ಲ ಇಲ್ಲಿ ಹೇಳಲ್ಲ. ಏಜೆನ್ಸಿಯವರು ತಮ್ಮ ಬಿಸಿನೆಸ್ ಐಡಿ ನಂಬರ್ ಕೊಡುತ್ತಾರೆ. ನಾವು ಬಿಸಿನೆಸ್ ಸೆಟ್ಟಿಂಗ್ಸ್‌ನಲ್ಲಿ ಪಾರ್ಟ್ನರ್ಸ್ ಅನ್ನೋ ಕಡೆ ಅದನ್ನು ಹಾಕಿ, ಯಾವ ಪೇಜ್, ಯಾವ ಆಡ್ ಅಕೌಂಟ್, ಎಷ್ಟು ಅಧಿಕಾರ ಅಂತ ಆರಿಸಿಕೊಡುತ್ತೇವೆ. ಅಷ್ಟೇ. ನಮ್ಮ ಪಾಸ್‌ವರ್ಡ್ ನಮ್ಮ ಹತ್ತಿರವೇ ಇರುತ್ತದೆ. ಊಟಕ್ಕೆ ಕೂತಾಗ ‘ಓಟಿಪಿ ಬಂತಾ?’ ಅಂತ ಯಾರೂ ಫೋನ್ ಮಾಡಲ್ಲ.

ಇದಕ್ಕೂ ಮುಂಚೆ ಇದ್ದ ಏಜೆನ್ಸಿ ತಮ್ಮದೇ ಆಡ್ ಅಕೌಂಟ್‌ನಿಂದ ನಮ್ಮ ಜಾಹೀರಾತು ಓಡಿಸುತ್ತಿತ್ತು. ನಾವು ದುಡ್ಡು ಕಳಿಸುತ್ತಿದ್ದೆವು, ಅವರು ವಾಟ್ಸಾಪ್‌ನಲ್ಲಿ ಸ್ಕ್ರೀನ್‌ಶಾಟ್ ಕಳಿಸುತ್ತಿದ್ದರು. ಮೆಟಾದ ಬಿಲ್ ಅವರ ಹೆಸರಿಗೆ. ಜಾಹೀರಾತಿನ ಮೇಲೆ 18% ಜಿಎಸ್‌ಟಿ ಇದೆ. ಬಿಲ್ ನಮ್ಮ ಜಿಎಸ್‌ಟಿ ನಂಬರ್‌ಗೆ ಬಂದರೆ ಅದನ್ನು ಇನ್‌ಪುಟ್ ಕ್ರೆಡಿಟ್ ತಗೋಬಹುದು, ಅಂದರೆ ನಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಬಹುದು; ಅವರ ನಂಬರ್‌ಗೆ ಬಂದರೆ ನಮಗೇನು ಸಿಗುತ್ತೆ? (ಕಾಂಪೊಸಿಷನ್‌ನಲ್ಲಿ, ಅಂದರೆ ಸಣ್ಣ ವ್ಯಾಪಾರಿಗಳ ಸರಳ ಜಿಎಸ್‌ಟಿ ಸ್ಕೀಮ್‌ನಲ್ಲಿ ಇರುವವರಿಗೆ ಈ ಲೆಕ್ಕ ಇಲ್ಲ, ಅವರಿಗೆ ಹೇಗೂ ಕ್ರೆಡಿಟ್ ಇಲ್ಲ.) ಕೆಲಸ ಬಿಟ್ಟು ಹೋಗುವಾಗ ನಮ್ಮ ಸೀರೆ ನೋಡಿದವರ ಆಡಿಯನ್ಸ್ ಪಟ್ಟಿ, ಯಾವ ಜಾಹೀರಾತಿಗೆ ಎಷ್ಟು ಮೆಸೇಜ್ ಬಂತು ಅನ್ನೋ ಲೆಕ್ಕ, ಎಲ್ಲ ಅವರ ಅಕೌಂಟ್‌ನಲ್ಲೇ ಉಳಿಯಿತು. ಕೇಳಿದರೆ ‘ನೋಡ್ತೀವಿ ಸರ್’ ಅಂದರು. ಇನ್ನೂ ನೋಡುತ್ತಾ ಇದ್ದಾರೆ.

ಈಗ ಅಕೌಂಟ್ ನಮ್ಮದು, ಕೆಲಸ ಅವರದು. ಆದರೆ ನನಗೆ ನಿಜವಾಗಿ ಖುಷಿ ಕೊಟ್ಟಿದ್ದು ನಾನು ಕೇಳದೇ ಸಿಕ್ಕ ಒಂದು ವಸ್ತು: ಆಕ್ಟಿವಿಟಿ ಹಿಸ್ಟರಿ. ಜಾಹೀರಾತು ನಡೆಸುವ ಮೆಟಾದ ಆಡ್ಸ್ ಮ್ಯಾನೇಜರ್ ಒಳಗೆ ಮೂಲೆಯಲ್ಲಿ ಇದೆ. ಏನು ಬದಲಾಯಿತು, ಯಾರು ಬದಲಾಯಿಸಿದರು, ಎಷ್ಟು ಹೊತ್ತಿಗೆ, ಎಲ್ಲ ಸಾಲು ಸಾಲಾಗಿ ಬರುತ್ತದೆ. ನಮ್ಮಪ್ಪನ ಕಿರ್ದಿ ಪುಸ್ತಕದ ಹಾಗೆ.

ಬೆಳಿಗ್ಗೆ ಶಟರ್ ಎತ್ತಿ, ಗಾದಿ ಮೇಲಿನ ಬಿಳಿ ಬಟ್ಟೆ ಕೊಡವಿ ಹಾಸಿ, ದೇವರ ಫೋಟೊಗೆ ಊದಿನಕಡ್ಡಿ ಹಚ್ಚುತ್ತೇನೆ. ಟೀ ಹುಡುಗ ಬರೋಕೆ ಇನ್ನೂ ಸ್ವಲ್ಪ ಹೊತ್ತು. ಆಗ ಲ್ಯಾಪ್‌ಟಾಪ್ ತೆಗೆದು ಇದನ್ನು ಓದುತ್ತೇನೆ. ‘ಇಳಕಲ್ ಹೊಸ ಸ್ಟಾಕ್’ ಜಾಹೀರಾತು ನಿಂತಿದೆ, ಮಧ್ಯಾಹ್ನ 3:12, ಏಜೆನ್ಸಿ ಹುಡುಗನ ಹೆಸರು. ಕೆಳಗಿನ ಸಾಲು: ಊರಿನ ಪಟ್ಟಿಗೆ ಹೊಳಲ್ಕೆರೆ ಸೇರಿದೆ, 3:20, ಅದೇ ಹುಡುಗ. ಓಹೋ, ಹೊಳಲ್ಕೆರೆಯಿಂದ ನಿನ್ನೆ ಸಂಜೆ ವಿಚಾರಿಸಿದ್ದು ಇದಕ್ಕೇ! ಟೀ ಬರುವ ಹೊತ್ತಿಗೆ ನಿನ್ನೆಯ ಕೆಲಸ ಪೂರ್ತಿ ಗೊತ್ತಾಗಿರುತ್ತದೆ. ತಿಂಗಳ ಕೊನೆಗೆ ಬಣ್ಣ ಬಣ್ಣದ ಪಿಡಿಎಫ್ ರಿಪೋರ್ಟ್ ಕಳಿಸುತ್ತಾರಲ್ಲ, ಅದನ್ನು ಈಗ ಸುಮ್ನೆ ಮೇಲೆ ಮೇಲೆ ನೋಡಿ ಬಿಡುತ್ತೇನೆ.

ಇದೇ ಹಿಸ್ಟರಿಯಲ್ಲಿ ಒಂದು ಸೋಮವಾರ ನನ್ನ ಟೀ ಕಹಿಯಾಯಿತು. ಶನಿವಾರ ರಾತ್ರಿ ಹನ್ನೊಂದರ ಮೇಲೆ ದಿನದ ಬಜೆಟ್ 400 ರೂಪಾಯಿಂದ 900ಕ್ಕೆ ಏರಿತ್ತು. ನಮಗೆ ಒಂದು ಮಾತು ಹೇಳಿಲ್ಲ. ಫೋನ್ ಮಾಡಿದೆ. ‘ಅಣ್ಣಾ, ಆಡ್ ಚೆನ್ನಾಗಿ ಓಡ್ತಿತ್ತು, ಅದಕ್ಕೇ ಸ್ಕೇಲ್ ಮಾಡಿದೆ’ ಅಂದ. ‘ಓಡ್ತಿರೋದು ನನ್ನ ದುಡ್ಡು ಕಣಪ್ಪಾ’ ಅಂದೆ. ಭಾನುವಾರ ಅಂಗಡಿಗೆ ರಜೆ. ಬಂದ ಮೆಸೇಜ್‌ಗಳಿಗೆ ಉತ್ತರ ಕೊಡೋರೇ ಇರಲಿಲ್ಲ.

ಆಮೇಲೆ ಕೂತು ಅಧಿಕಾರಗಳ ಪಟ್ಟಿ ಪೂರ್ತಿ ಓದಿದೆ. ಬರೀ ಲೆಕ್ಕ ನೋಡೋಕೆ ಒಂದು ಮಟ್ಟ, ಕ್ಯಾಂಪೇನ್ ನಡೆಸೋಕೆ ಒಂದು, ಇಡೀ ಅಕೌಂಟ್ ನಿಭಾಯಿಸೋಕೆ ಇನ್ನೊಂದು. ನಾನು ಕೊಟ್ಟಿದ್ದು ನಡುವಿನದು, ಏಜೆನ್ಸಿಗೆ ಅದೇ ಸಾಕು. ಅದರಲ್ಲಿ ಅವರು ನಮ್ಮ ಕಾರ್ಡ್ ಬದಲಾಯಿಸೋಕೆ ಆಗಲ್ಲ, ಆದರೆ ನಾವು ಇಟ್ಟ ದುಡ್ಡಿನಿಂದ ಜಾಹೀರಾತು ಓಡಿಸಬಹುದು, ಬಜೆಟ್ ಏರಿಸಬಹುದು, ಇಳಿಸಬಹುದು. ‘ಜಾಹೀರಾತು ಮಾಡು, ಬಜೆಟ್ ಮುಟ್ಟಬೇಡ’ ಅನ್ನೋ ಮಟ್ಟ ಪಟ್ಟಿಯಲ್ಲಿ ಇಲ್ಲ. ವ್ಯಾಪಾರಸ್ಥನಿಗೆ ಬೇಕಾಗಿದ್ದು ಅದೇ ತಾನೇ? ಹಿಸ್ಟರಿ ಆಗಿ ಹೋದದ್ದನ್ನು ತೋರಿಸುತ್ತದೆ, ಆಗೋದನ್ನು ತಡೆಯಲ್ಲ.

ಹಾಗಾಗಿ ತಡೆಯನ್ನು ದುಡ್ಡಿನ ಕಡೆಯಿಂದ ಹಾಕಿದೆ. ನಮ್ಮ ಅಕೌಂಟ್ ಮುಂಗಡ ತುಂಬುವಂಥದ್ದು, ಯುಪಿಐನಲ್ಲೇ ಹಾಕಬಹುದು. ಮೊದಲು ತಿಂಗಳದ್ದು ಒಂದೇ ಸಲ ತುಂಬುತ್ತಿದ್ದೆ. ಈಗ ಸೋಮವಾರ ಸೋಮವಾರ 3,000 ರೂಪಾಯಿ. ಮದುವೆ ಸೀಸನ್‌ನಲ್ಲಿ ಸ್ವಲ್ಪ ಜಾಸ್ತಿ. ಖಾಲಿಯಾದರೆ ಜಾಹೀರಾತು ನಿಲ್ಲುತ್ತದೆ, ಹುಡುಗ ಫೋನ್ ಮಾಡುತ್ತಾನೆ, ಮಾತಾಡಿ ತುಂಬುತ್ತೇನೆ. ಕಾರ್ಡ್ ಹಾಕಿ ಬಿಟ್ಟವರಿಗೆ ಅಕೌಂಟ್ ಸ್ಪೆಂಡಿಂಗ್ ಲಿಮಿಟ್ ಅಂತ ಇದೆ. ಆ ಮೊತ್ತ ಮುಟ್ಟಿದ ಕೂಡಲೇ ಎಲ್ಲ ಜಾಹೀರಾತು ನಿಲ್ಲುತ್ತದೆ, ನಡುವಿನ ಮಟ್ಟದವರು ಅದನ್ನು ಬದಲಾಯಿಸೋಕೆ ಆಗಲ್ಲ. ಕಾರ್ಡ್ ಇದ್ದರೆ ಮೊದಲ ದಿನವೇ ಇದನ್ನು ಹಾಕಿಬಿಡಿ.

ಪೇಜ್‌ಗೂ ಇದೇ ಎಚ್ಚರ. ಫುಲ್ ಕಂಟ್ರೋಲ್ ಕೊಡಿ, ಕೆಲಸ ಸಲೀಸು ಅಂತ ಏಜೆನ್ಸಿ ಕೇಳಿತು. ಕೊಡಲಿಲ್ಲ. ಜಾಹೀರಾತು, ಪೋಸ್ಟ್, ಲೆಕ್ಕ ನೋಡುವುದು, ಇಷ್ಟು ಬಿಡಿಬಿಡಿಯಾಗಿ ಕೊಟ್ಟೆ. ಮೆಸೇಜ್ ಕೊಡಲಿಲ್ಲ. ಗಿರಾಕಿ ‘ಇದರಲ್ಲಿ ಗಿಳಿಹಸಿರು ಇದೆಯಾ’ ಅಂತ ಕೇಳಿದರೆ ಕಪಾಟು ನೋಡಿ ಹೇಳೋನು ನಾನು, ಅವರಲ್ಲ.

ಇನ್ನೊಂದು ವಿಷಯ. ಈ ವ್ಯವಸ್ಥೆಯೆಲ್ಲ ಕೊನೆಗೆ ನಿಂತಿರೋದು ನಮ್ಮ ಸ್ವಂತ ಫೇಸ್‌ಬುಕ್ ಐಡಿ ಮೇಲೆ. ಒಬ್ಬರೇ ಮಾಲೀಕರಾಗಿದ್ದು ಆ ಐಡಿಗೆ ಏನಾದರೂ ಆದರೆ ಅಂಗಡಿ ಪೇಜಿಗೂ ಬೀಗ. ಇಬ್ಬರಿಗಾದರೂ ಫುಲ್ ಕಂಟ್ರೋಲ್ ಇರಲಿ ಅಂತ ಮೆಟಾ ಕೂಡ ಹೇಳುತ್ತದೆ. ನಮ್ಮಲ್ಲಿ ನಾನು, ನನ್ನ ತಮ್ಮ. ಇಬ್ಬರದ್ದೂ ಟೂ ಫ್ಯಾಕ್ಟರ್ (ಪಾಸ್‌ವರ್ಡ್ ಜೊತೆ ಇನ್ನೊಂದು ಕೋಡ್ ಕೇಳುವ ಭದ್ರತೆ) ಆನ್. ರಿಕವರಿ ಕೋಡ್‌ಗಳನ್ನು ಕಾಗದದಲ್ಲಿ ಬರೆದು ಬೀರುವಿನಲ್ಲಿ ಇಟ್ಟಿದ್ದೇವೆ, ಅಂಗಡಿ ಪತ್ರಗಳ ಜೊತೆ.

ಬಜೆಟ್ ಜಗಳ ಆದ ಏಜೆನ್ಸಿ ಈಗ ಇಲ್ಲ. ಬಿಡಿಸಿದ್ದು ಬಹಳ ಸುಲಭವಾಯಿತು ಅಂತ ಒಪ್ಪಲೇಬೇಕು. ಪಾರ್ಟ್ನರ್ಸ್ ಪಟ್ಟಿಯಲ್ಲಿ ಅವರ ಹೆಸರು ಆರಿಸಿ ರಿಮೂವ್ ಒತ್ತಿದೆ. ಅವರ ಆಫೀಸಿನ ಅಷ್ಟೂ ಜನ ಒಟ್ಟಿಗೆ ಆಚೆ. ಯಾವ ಹುಡುಗನಿಗೆ ಯಾವ ಪಾಸ್‌ವರ್ಡ್ ಗೊತ್ತಿತ್ತು ಅಂತ ತಲೆ ಕೆಡಿಸಿಕೊಳ್ಳುವ ಹಾಗೇ ಇರಲಿಲ್ಲ. ಅವರು ಮಾಡಿದ ಜಾಹೀರಾತು, ಲೆಕ್ಕ, ಆಡಿಯನ್ಸ್ ಎಲ್ಲ ನಮ್ಮ ಅಕೌಂಟ್‌ನಲ್ಲೇ ಉಳಿಯಿತು. ಹೊಸಬರು ಬಂದು ಅಲ್ಲಿಂದಲೇ ಮುಂದುವರಿಸಿದರು. ಹಳೇ ಸಿಟ್ಟು ಅರ್ಧ ಅಲ್ಲೇ ಇಳಿಯಿತು.

ಹಬ್ಬಕ್ಕೊಮ್ಮೆ 500 ರೂಪಾಯಿ ಹಾಕಿ ಪೋಸ್ಟ್ ಬೂಸ್ಟ್ ಮಾಡುವವರಿಗೆ ಇದೆಲ್ಲ ಬೇಡ, ಮೊಬೈಲ್‌ನಲ್ಲೇ ಮಾಡಿಕೊಳ್ಳಿ. ಏಜೆನ್ಸಿ ಇಟ್ಟುಕೊಂಡವರಿಗೆ ಮಾತ್ರ ಇದು ಬಿಟ್ಟು ಬೇರೆ ದಾರಿ ನಾನು ಹೇಳಲ್ಲ. ಐದಕ್ಕೆ ನಾಲ್ಕು ಸ್ಟಾರ್, ಉಳಿದ ಒಂದು ಆ ಇಲ್ಲದ ಬಜೆಟ್ ಬೀಗಕ್ಕೆ. ಏಜೆನ್ಸಿಯ ಬಿಸಿನೆಸ್ ಐಡಿ ನಂಬರ್ ಮೆಸೇಜ್‌ನಲ್ಲಿ ಬಂದರೂ ಅವರಿಗೆ ಫೋನ್ ಮಾಡಿ ಒಂದೊಂದೇ ಅಂಕಿ ಓದಿಸಿ ತಾಳೆ ನೋಡಿ. ‘ನಿಮ್ಮ ಪೇಜ್ ಬಂದ್ ಆಗುತ್ತೆ, ಇಲ್ಲಿ ಒತ್ತಿ’ ಅಂತ ಬರುವ ಮೇಲ್‌ಗಳನ್ನು ಮುಟ್ಟಬೇಡಿ, ಬಿಸಿನೆಸ್ ಸೆಟ್ಟಿಂಗ್ಸ್ ನೀವೇ ತೆರೆದು ನೋಡಿ. ಮತ್ತೆ ಇದನ್ನೆಲ್ಲ ಆಷಾಢದಲ್ಲೇ ಮಾಡಿ ಮುಗಿಸಿ. ಶ್ರಾವಣ ಬಂದು ವರಮಹಾಲಕ್ಷ್ಮಿ ವ್ಯಾಪಾರ ಶುರುವಾದರೆ ಸೆಟ್ಟಿಂಗ್ಸ್ ನೋಡೋಕೆ ಯಾರಿಗೂ ಪುರಸೊತ್ತು ಇರಲ್ಲ.