ಮೊಳಕೆ ಕಾಳಿನ ಡಬ್ಬಿಗೆ ಎರಡು ಸ್ಟಾರ್, ಅದೂ ರುಚಿಗೆ

ಪುಣೆಯ ಕೋಥ್ರೂಡ್ ಕಡೆ ಬೆಳಗ್ಗೆ ಆರೂವರೆಗೆಲ್ಲ ಮನೆ ಬಾಗಿಲಿಗೆ ಸಲಾಡ್ ಡಬ್ಬಿ ತಂದಿಡುವವರು ಈಗ ಬೇಕಾದಷ್ಟು ಜನ ಇದ್ದಾರೆ. ಅವರಲ್ಲಿ ಒಬ್ಬರ ಹತ್ತಿರ ಎರಡು ತಿಂಗಳು ತರಿಸಿದೆವು. ಹೆಸರು ಬರೆಯಲ್ಲ. ತಪ್ಪು ಅವರದೇ ಅಂತ ಸಾಬೀತು ಮಾಡಲು ನನ್ನ ಹತ್ತಿರ ಏನೂ ಇಲ್ಲ.

ರುಚಿಗೆ ಹೆಸರಿಡುವ ಹಾಗಿಲ್ಲ. ಮಡಕಿ ಕಾಳು (ಇಲ್ಲಿಯವರ ಮಟಕಿ), ಹೆಸರುಕಾಳು, ಒಂದಿಷ್ಟು ಮೆಂತ್ಯ, ಎಲ್ಲಕ್ಕೂ ಉದ್ದುದ್ದ ಮೊಳಕೆ, ಮೇಲೆ ದಾಳಿಂಬೆ, ನಿಂಬೆಹುಳಿ, ಚೂರು ಚಾಟ್ ಮಸಾಲೆ. ಡಬ್ಬಿಗೆ 90 ರೂಪಾಯಿ, ತಿಂಗಳ ದುಡ್ಡು ಮೊದಲೇ ಕಟ್ಟಬೇಕು. ಧಾರವಾಡದಿಂದ ಬಂದಿದ್ದ ನಮ್ಮ ಅತ್ತೆ ಮೊದಲ ದಿನವೇ "ಹಸಿ ಕಾಳು ಹಂಗs ಯಾರು ತಿಂತಾರವಾ, ಒಂದು ಒಗ್ಗರಣಿನಾದ್ರೂ ಹಾಕು" ಅಂದರು. ನಾನು ಪ್ರೋಟೀನು, ವಿಟಮಿನ್ನು ಅಂತ ಭಾಷಣ ಬಿಗಿದೆ.

ಎರಡನೇ ತಿಂಗಳ ಕೊನೆಗೆ ಆರು ವರ್ಷದ ಮಗನಿಗೆ ಹೊಟ್ಟೆ ಹಿಂಡುವ ನೋವು, ಭೇದಿ. ಮರುದಿನ ಭೇದಿಯಲ್ಲಿ ರಕ್ತ. ಜ್ವರ ಅಷ್ಟೇನಿಲ್ಲ. ಹಿಂದಿನ ಸಂಜೆ ತಿಂದಿದ್ದ ವಡಾಪಾವ್ ಮೇಲೆ ನಾವೆಲ್ಲ ಗೂಬೆ ಕೂರಿಸಿದೆವು. ಡಾಕ್ಟರು ಮಾತ್ರ ಕೇಳಿದ್ದು, ಮೂರು ನಾಲ್ಕು ದಿನದ ಹಿಂದೆ ಏನು ತಿಂದಿದ್ದ ಅಂತ! ಯಾರಿಗೆ ನೆನಪಿರುತ್ತೆ? ದಾಳಿಂಬೆ ಆಸೆಗೆ ಅವನು ನನ್ನ ಡಬ್ಬಿಗೆ ಕೈ ಹಾಕುತ್ತಿದ್ದ ಅನ್ನುವುದು ಆಮೇಲೆ ಹೊಳೆಯಿತು.

ಮಲದ ಪರೀಕ್ಷೆಯಲ್ಲಿ ಶಿಗಾ ವಿಷ ಬಿಡುವ ಈ. ಕೋಲೈ ಅನ್ನುವ ಬ್ಯಾಕ್ಟೀರಿಯಾ ಬಂತು. ಶಿಗಾ ಅಂದರೆ ಜಪಾನಿನ ವಿಜ್ಞಾನಿಯ ಹೆಸರು, 1897ರಲ್ಲಿ ರಕ್ತಭೇದಿಯ ಬ್ಯಾಕ್ಟೀರಿಯಾ ಕಂಡುಹಿಡಿದವರು. ಈ ವಿಷ ದೊಡ್ಡ ಕರುಳನ್ನು ಊದಿಸಿ ರಕ್ತ ಬರಿಸುತ್ತದೆ. ಭೇದಿ ನಿಲ್ಲಿಸುವ ಮಾತ್ರೆ ನನ್ನ ಪರ್ಸಿನಲ್ಲೇ ಇತ್ತು, ಕೊಡಲೇಬೇಡಿ ಅಂದರು. ಆ್ಯಂಟಿಬಯೋಟಿಕ್ಕೂ ಬರೆಯಲಿಲ್ಲ, ಇದರಲ್ಲಿ ಅದು ಕಿಡ್ನಿಯ ಅಪಾಯ ಜಾಸ್ತಿ ಮಾಡಬಹುದಂತೆ. ಬರೀ ನೀರಿನಂಶ ಕಡಿಮೆಯಾಗದ ಹಾಗೆ ನೋಡಿಕೊಳ್ಳುವುದು, ದಿನ ಬಿಟ್ಟು ದಿನ ರಕ್ತ ಪರೀಕ್ಷೆ.

ನನಗೆ ಭಯ ಹುಟ್ಟಿಸಿದ್ದು ಮುಂದಿನ ಮಾತು. ಭೇದಿ ಶುರುವಾಗಿ ಒಂದು ವಾರದ ಹೊತ್ತಿಗೆ, ಅಂದರೆ ಹೊಟ್ಟೆ ಸರಿಯಾಯಿತು ಅಂತ ನಾವು ಉಸಿರು ಬಿಡುವ ಹೊತ್ತಿಗೇ, ಕೆಲವು ಮಕ್ಕಳಲ್ಲಿ ಕೆಂಪು ರಕ್ತಕಣ ಒಡೆದು, ಪ್ಲೇಟ್‌ಲೆಟ್ ಇಳಿದು, ಕಿಡ್ನಿಯ ಸಣ್ಣ ರಕ್ತನಾಳಗಳು ಕಟ್ಟಿಕೊಳ್ಳುತ್ತವಂತೆ. ಕೆಲವರಿಗೆ ಡಯಾಲಿಸಿಸ್ಸೂ ಬೇಕಾಗುತ್ತದೆ. ಮುಖ ಬಿಳಿಚಿಕೊಂಡರೆ, ಉಚ್ಚೆ ಕಡಿಮೆಯಾದರೆ ತಕ್ಷಣ ಕರೆತನ್ನಿ ಅಂದರು. ಹತ್ತು ದಿನ ನಾನು ಮಗನ ಹಿಂದೆ ಬಾತ್‌ರೂಮಿಗೆ ಹೋಗಿ ಎಷ್ಟು ಸಲ ಹೋದ ಅಂತ ಕ್ಯಾಲೆಂಡರಿನಲ್ಲಿ ಗೀಟು ಹಾಕಿದೆ. ನಮ್ಮ ಪುಣ್ಯ, ರಕ್ತದಲ್ಲಿ ಕ್ರಿಯೇಟಿನಿನ್ (ಕಿಡ್ನಿ ಕೆಟ್ಟರೆ ಏರುವ ಅಂಶ) ಏರಲಿಲ್ಲ.

ಡಬ್ಬಿಯವರಿಗೆ ವಾಟ್ಸಾಪ್ ಮಾಡಿದೆ. "ಮೇಡಂ, ನಮ್ಮದು ಪೂರ್ತಿ ಆರ್ಗ್ಯಾನಿಕ್, ಆರ್‌ಓ ನೀರಲ್ಲಿ ಮೂರು ಸಲ ತೊಳೆಯುತ್ತೇವೆ" ಎಂದು ಉತ್ತರ. ತೊಳೆಯುತ್ತಾರೆ, ಸುಳ್ಳಲ್ಲ. ಆದರೆ ಬೀಜದ ಸಿಪ್ಪೆಯ ಬಿರುಕಿನಲ್ಲಿ ಬ್ಯಾಕ್ಟೀರಿಯಾ ಕೂತಿದ್ದರೆ ತೊಳೆದು ಏನು ಬಂತು? ಮೊಳಕೆ ಬರಲು ಬೇಕಾದ ಬೆಚ್ಚಗಿನ ಒದ್ದೆಯೇ ಅದಕ್ಕೂ ಬೇಕು. 2011ರಲ್ಲಿ ಜರ್ಮನಿಯಲ್ಲಿ ಹೀಗೇ ಆಯಿತು, 50ಕ್ಕೂ ಹೆಚ್ಚು ಜನ ಸತ್ತರು, 800ಕ್ಕೂ ಹೆಚ್ಚು ಜನರ ಕಿಡ್ನಿಗೆ ತೊಂದರೆಯಾಯಿತು. ಮೊದಲು ಬೈಸಿಕೊಂಡಿದ್ದು ಸ್ಪೇನಿನ ಸೌತೆಕಾಯಿ, ನಮ್ಮ ವಡಾಪಾವ್ ಥರ. ಕೊನೆಗೆ ಜಾಡು ಹೋಗಿ ನಿಂತಿದ್ದು ಈಜಿಪ್ಟಿನಿಂದ ಬಂದ ಮೆಂತ್ಯದ ಬೀಜದ ಮೊಳಕೆಯಲ್ಲಿ. ಹೌದು, ಮೆಂತ್ಯ.

ಬೇಸಿಗೆಯಲ್ಲಿ ಐಸ್ ಇಲ್ಲದೆ ಸ್ಕೂಟರಿನ ಚೀಲದಲ್ಲಿ ಡಬ್ಬಿ ತರುತ್ತಾರೆ, ಮುಚ್ಚಳದ ಮೇಲೆ ತಯಾರಿಸಿದ ಸಮಯ ಇರಲ್ಲ. ಚಿಕ್ಕ ಮಕ್ಕಳು, ವಯಸ್ಸಾದವರು, ಗರ್ಭಿಣಿಯರು ಹಸಿಯಾಗಿ ತಿನ್ನಬಾರದು ಅಂತ ಒಂದು ಚೀಟಿ ಅಂಟಿಸಿ ಅಂದೆ. ಅದನ್ನು ಓದಿ ನೀಲಿ ಟಿಕ್ ಬಂತು, ಅಷ್ಟೇ.

ಉಳಿದ ಐದು ದಿನದ ದುಡ್ಡು ವಾಪಸ್ ಇಲ್ಲ ಅಂದರು, ಡಬ್ಬಿ ಮಾತ್ರ ತಪ್ಪದೆ ಕಳಿಸಿದರು. ದಾಳಿಂಬೆ ಬಿಸಾಡಿ, ಕಾಳು ಕುಕ್ಕರಿಗೆ ಹಾಕಿ ಎರಡು ಸೀಟಿ ಕೂಗಿಸಿದೆ. ಒಗ್ಗರಣೆ ಅತ್ತೆಯವರೇ ಹಾಕಿದರು, ಏನೂ ಮಾತಾಡದೆ.