'ಎಕ್ಸಾಮ್ ಸ್ಪೆಷಲ್' ತೂಕ ಇಳಿಸುವ ಪ್ಯಾಕೇಜ್: ದುಡ್ಡು ಕಟ್ಟೋ ಮುಂಚೆ ಇದನ್ನ ಓದಿ

ಸಿಎ, ಸಿಎಸ್, ಸಿಎಂಎ, ಅಂದರೆ ಅಕೌಂಟ್ಸ್, ಕಂಪನಿ ಸೆಕ್ರೆಟರಿ ಕೋರ್ಸ್‌ಗಳನ್ನು ಓದುತ್ತಿರುವವರಿಗೆ, ಅದರಲ್ಲೂ ಊರು ಬಿಟ್ಟು ಬೆಂಗಳೂರಿನ ಪಿಜಿಗಳಲ್ಲಿ ಇರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಟೆಲಿಗ್ರಾಂನ ನೋಟ್ಸ್ ಗ್ರೂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. 'ಸ್ಟೂಡೆಂಟ್ಸ್‌ಗೆ ಮಾತ್ರ. ಓದ್ತಾ ಓದ್ತಾನೇ 30 ದಿನದಲ್ಲಿ 6 ಕೆಜಿ ಇಳಿಸಿ. ಜಿಮ್ ಬೇಡ, ಟೈಮ್ ಬೇಡ. ಕಾನ್ಸಂಟ್ರೇಶನ್ನೂ ಜಾಸ್ತಿ ಆಗುತ್ತೆ.' ಕೆಳಗೆ ಒಬ್ಬರು 'ವೆಲ್‌ನೆಸ್ ಕೋಚ್' ನಂಬರ್. ನಾನು ಅದನ್ನು ತಗೊಂಡು ಆಸ್ಪತ್ರೆ ಮೆಟ್ಟಿಲು ಹತ್ತಿ ಬಂದಿದ್ದೇನೆ. ಕೋಚ್ ಹೆಸರಾಗಲಿ ಬ್ರ್ಯಾಂಡ್ ಹೆಸರಾಗಲಿ ಇಲ್ಲಿ ಹಾಕುವುದಿಲ್ಲ. ಈಗಾಗಲೇ ಬೇರೆ ಹೆಸರಿನಲ್ಲಿ ಮಾರುತ್ತಿದ್ದಾರೆ, ಹೆಸರು ಗೊತ್ತಿದ್ದೂ ನಿಮಗೆ ಉಪಯೋಗ ಇಲ್ಲ.

ಆರ್ಟಿಕಲ್‌ಶಿಪ್, ಅಂದರೆ ಸಿಎ ಆಫೀಸಿನಲ್ಲಿ ತರಬೇತಿ, ಮಾಡಿದವರಿಗೆ ತೂಕ ಹೇಗೆ ಏರುತ್ತದೆ ಅಂತ ಹೇಳಬೇಕಿಲ್ಲ. ಸೆಪ್ಟೆಂಬರ್‌ನಲ್ಲಿ ಟ್ಯಾಕ್ಸ್ ಆಡಿಟ್ ಸೀಸನ್, ಕ್ಲೈಂಟ್ ಆಫೀಸಿನಲ್ಲಿ ಗಂಟೆಗೊಂದು ಟೀ, ಜೊತೆಗೆ ಬಿಸ್ಕೆಟ್, ಸಂಜೆ ಕೆಳಗಿನ ಬೇಕರಿಯಿಂದ ಪಫ್ಸ್. ಆಮೇಲೆ ಸ್ಟಡಿ ಲೀವ್. ಬೆಳಗ್ಗೆಯಿಂದ ರಾತ್ರಿವರೆಗೆ ಕುರ್ಚಿ, ಪಿಜಿಯಲ್ಲಿ ಮೂರು ಹೊತ್ತೂ ಅನ್ನ, ರಾತ್ರಿ ಒಂದು ಗಂಟೆಗೆ ಹಸಿವಾದರೆ ಮ್ಯಾಗಿ. ನಡೆಯುವುದು ಅಂದರೆ ರೂಮಿನಿಂದ ಬಾತ್‌ರೂಮಿಗೆ. ಊರಿಗೆ ಹೋದರೆ ಅತ್ತೆಯಂದಿರು ಮೊದಲು ಕೇಳುವುದು 'ಎಷ್ಟನೇ ಅಟೆಂಪ್ಟ್?', ಎರಡನೆಯದು 'ಎಷ್ಟು ದಪ್ಪ ಆಗಿದ್ದೀಯಲ್ಲೇ!' ಈ ಎರಡು ಪ್ರಶ್ನೆಗಳ ಮಧ್ಯೆ ಸಿಕ್ಕಿಕೊಂಡವರು ಯಾರು ಅಂತ ಹುಡುಕಿಯೇ ಈ ಕೋಚ್‌ಗಳು ಬರುವುದು. ನನಗೆ ಫೋನ್ ಮಾಡಿದಾಕೆ ಮೊದಲು ಕೇಳಿದ್ದು ನನ್ನ ತೂಕ ಅಲ್ಲ, 'ಯಾವ ಗ್ರೂಪ್ ಬಾಕಿ ಇದೆ ಡಿಯರ್?' ಅಂತ. ಸಿಎ ಪರೀಕ್ಷೆಯ ಒಂದು ಗ್ರೂಪ್‌ನಲ್ಲಿ 3 ಪೇಪರ್, ಪ್ರತಿಯೊಂದರಲ್ಲೂ 40, ಒಟ್ಟಾರೆ 50 ಪರ್ಸೆಂಟ್ ಬರಲೇಬೇಕು ಅನ್ನುವುದು ಆಕೆಗೆ ಬಾಯಿಪಾಠ. 'ಬಾಡಿ ಹೆವಿ ಇದ್ದರೆ ಬ್ರೈನ್ ಸ್ಲೋ ಆಗುತ್ತೆ, ಅದಕ್ಕೇ ಅಗ್ರಿಗೇಟ್ ಮಿಸ್ ಆಗ್ತಿರೋದು' ಅಂದಳು. ಇಂಥ ಮಾತು ಬಂದ ಕೂಡಲೇ ಫೋನ್ ಇಟ್ಟುಬಿಡಿ.

ಪ್ಯಾಕೇಜ್‌ಗೆ 9,500 ರೂಪಾಯಿ, ಅವರ ಸ್ವಂತ ಖಾತೆಗೆ ಯುಪಿಐ. ಬಂದದ್ದು ಒಂದು ಶೇಕ್ ಪೌಡರ್ ಡಬ್ಬ, ಹೊಟ್ಟೆ ಕರಗಿಸುವ ಟೀ ಅಂತ ಒಂದು ಪ್ಯಾಕೆಟ್, ಮತ್ತೆ ಹಸಿರು ಬಣ್ಣದ ಕ್ಯಾಪ್ಸೂಲ್. ಬೆಳಗ್ಗೆ ತಿಂಡಿ ಬದಲು ಶೇಕ್, ರಾತ್ರಿ ಊಟದ ಬದಲು ಶೇಕ್, ಮಧ್ಯಾಹ್ನ ಒಂದು ಚಪಾತಿ, ಪಲ್ಯ, ಸೌತೆಕಾಯಿ. ಮಲಗುವ ಮುಂಚೆ ಟೀ. ಕ್ಯಾಪ್ಸೂಲ್ ದಿನಕ್ಕೆರಡು.

ಡಬ್ಬದ ಹಿಂದೆ ಬರೆದಿತ್ತು, ಒಂದು ಸ್ಕೂಪ್‌ಗೆ 90 ಕ್ಯಾಲೊರಿ. ನೀರಲ್ಲಿ ಕಲಸಿ ಕುಡಿಯಬೇಕಂತೆ. ಎರಡು ಶೇಕ್, ಒಂದು ಚಪಾತಿ, ಪಲ್ಯ, ಎಲ್ಲ ಕೂಡಿಸಿದರೆ 500 ದಾಟುವುದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ, ಅದೇ ಎನ್‌ಐಎನ್, ತನ್ನ ಆಹಾರ ಮಾರ್ಗಸೂಚಿಯಲ್ಲಿ ತೂಕ ಇಳಿಸುವವರೂ ದಿನಕ್ಕೆ 1,000 ಕ್ಯಾಲೊರಿಗಿಂತ ಕೆಳಗೆ ಹೋಗಬಾರದು, ವಾರಕ್ಕೆ ಅರ್ಧ ಕೆಜಿ ಇಳಿದರೆ ಸಾಕು ಅನ್ನುತ್ತದೆ. '30 ದಿನಕ್ಕೆ 6 ಕೆಜಿ' ಅನ್ನುವುದನ್ನೂ ಲೆಕ್ಕ ಹಾಕಿ ನೋಡಿ, ನಮಗೆ ಬರುವುದೇ ಲೆಕ್ಕ ಅಲ್ವಾ. ಒಂದು ಕೆಜಿ ಕೊಬ್ಬು ಕರಗಲು ಸುಮಾರು 7,700 ಕ್ಯಾಲೊರಿ ಕಡಿಮೆ ಬೀಳಬೇಕು. 6 ಕೆಜಿಗೆ 46,200, ದಿನಕ್ಕೆ 1,540. ಕೂತು ಕೆಲಸ ಮಾಡುವ ಹೆಂಗಸಿಗೆ ದಿನಕ್ಕೆ ಬೇಕಾಗುವುದು 1,660 ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದೆ. ಕಳೆದರೆ ಉಳಿಯುವುದು 120. ಅಂದರೆ ದಿನಪೂರ್ತಿ ಎರಡು ಇಡ್ಲಿ, ಚಟ್ನಿ ಇಲ್ಲದೆ. ನನ್ನ ತೂಕಕ್ಕೆ ಇನ್ನೊಂದಿಷ್ಟು ಜಾಸ್ತಿ ಬೇಕು ಅಂತಲೇ ಇಟ್ಟುಕೊಳ್ಳಿ, ಆದರೂ ಈ ಬ್ಯಾಲೆನ್ಸ್ ಶೀಟ್ ಟ್ಯಾಲಿ ಆಗುವುದಿಲ್ಲ.

ಮೊದಲ ವಾರ ತೂಕ ಇಳಿಯುತ್ತದೆ, ನಿಜ. ಅದೇ ಅವರ ಬಂಡವಾಳ. ಊಟ ಕಡಿಮೆಯಾದಾಗ ದೇಹ ಮೊದಲು ಖರ್ಚು ಮಾಡುವುದು ಲಿವರ್ ಮತ್ತೆ ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೊಜೆನ್ ಅನ್ನುವ ಸಕ್ಕರೆ ದಾಸ್ತಾನನ್ನು. ಅದರ ಒಂದೊಂದು ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರು ಇರುತ್ತದೆ, ಅದೂ ಹೋಗುತ್ತದೆ. ಮೇಲಿಂದ ಆ ಟೀ. ಪ್ಯಾಕೆಟ್ ಹಿಂದೆ ಇರುವೆ ಗಾತ್ರದ ಅಕ್ಷರದಲ್ಲಿ ಮೊದಲ ಹೆಸರೇ ಸೆನ್ನಾ. ನಮ್ಮಲ್ಲಿ ಸೋನಾಮುಖಿ ಅನ್ನುತ್ತಾರಲ್ಲ, ಮಲಬದ್ಧತೆಗೆ ಕೊಡುವುದು, ಅದು. ಭೇದಿ ಮಾಡಿಸಿ ತೂಕ ಇಳಿಸಿದೆ ಅನ್ನುವುದು ಎಂಥ ಮೋಸ ನೋಡಿ. ಕೊಬ್ಬು ಇದ್ದಲ್ಲೇ ಇರುತ್ತದೆ.

ಇನ್ನು ಕ್ಯಾಪ್ಸೂಲ್. 'ಹಿಮಾಲಯದ ಅಪರೂಪದ ಹಣ್ಣು, ಗಾರ್ಸೀನಿಯಾ' ಅಂತ ಕೋಚ್ ವರ್ಣಿಸಿದಳು. ನಾನು ಶಿರಸಿ ಕಡೆಯವಳು. ಗಾರ್ಸೀನಿಯಾ ಕಾಂಬೋಜಿಯಾ ಅಂದರೆ ನಮ್ಮ ಉಪ್ಪಾಗೆ! ಮಳೆಗಾಲದಲ್ಲಿ ಕಾಡಿಂದ ಹಣ್ಣು ತಂದು, ಸಿಪ್ಪೆಯನ್ನು ಬೆಂಕಿ ಮೇಲಿನ ತಟ್ಟಿಯಲ್ಲಿ ಒಣಗಿಸಿ, ಕಪ್ಪಗಾದ ಮೇಲೆ ವ್ಯಾಪಾರಿಗೆ ಮಾರುವುದನ್ನು ನೋಡಿಯೇ ಬೆಳೆದಿದ್ದೇವೆ. ಬೀಜದಿಂದ ತುಪ್ಪ ತೆಗೆಯುತ್ತಾರೆ. ಕೊಡಗಿನ ಕಾಚಂಪುಳಿಯೂ ಇದೇ ಹಣ್ಣಿನದ್ದು. ಅಡುಗೆಯಲ್ಲಿ ಹುಳಿಗೆ ಹಾಕಿದರೆ ಏನೂ ತೊಂದರೆ ಇಲ್ಲ. ಆದರೆ ಅದರ ಸಾರ ತೆಗೆದು ಗಟ್ಟಿ ಮಾಡಿ ಕ್ಯಾಪ್ಸೂಲ್‌ನಲ್ಲಿ ತುಂಬಿದ್ದನ್ನು ತಗೊಂಡು ಲಿವರ್‌ಗೆ ಪೆಟ್ಟು ಮಾಡಿಕೊಂಡ ರೋಗಿಗಳ ಬಗ್ಗೆ ವೈದ್ಯರು ಬೇರೆ ಬೇರೆ ದೇಶಗಳಿಂದ ವರದಿ ಮಾಡಿದ್ದಾರೆ. ತೂಕ ಇಳಿಸುವ ಗುಣವೂ ಹೇಳಿಕೊಳ್ಳುವಷ್ಟು ಕಂಡುಬಂದಿಲ್ಲ. ಹಿಮಾಲಯವಂತೆ!

ಇವನ್ನೆಲ್ಲ ತಗೊಳ್ಳೋಕೆ ಶುರು ಮಾಡಿದ ಮೇಲೆ ನಿದ್ದೆ ಮೊದಲು ಹೋಯಿತು. ರಾತ್ರಿ ಎರಡಾದರೂ ಕಣ್ಣು ಬಿಟ್ಟುಕೊಂಡೇ ಇರುತ್ತಿದ್ದೆ, 'ನೋಡಿ, ಎನರ್ಜಿ ಬಂತಲ್ಲ, ಓದೋಕೆ ಇನ್ನೂ ಒಳ್ಳೇದು' ಅಂತ ಕೋಚ್. ಆಮೇಲೆ ಕೈ ನಡುಕ, ಬಾಯಿ ಒಣಗುವುದು, ಕೂತಲ್ಲೇ ಎದೆ ಡಬಡಬ. ಮಾಕ್ ಟೆಸ್ಟ್ ದಿನ ಕನ್ಸಾಲಿಡೇಶನ್ (ಒಂದೇ ಗುಂಪಿನ ಕಂಪನಿಗಳ ಲೆಕ್ಕ ಒಟ್ಟುಗೂಡಿಸುವುದು) ಲೆಕ್ಕ ಮುಂದಿದೆ, ಪ್ರಶ್ನೆಯ ಮೊದಲ ಪ್ಯಾರಾವನ್ನೇ ಮತ್ತೆ ಮತ್ತೆ ಓದುತ್ತಿದ್ದೇನೆ, ಹೋಲ್ಡಿಂಗ್ ಕಂಪನಿ ಯಾವುದು ಸಬ್ಸಿಡಿಯರಿ ಯಾವುದು ಅಂತ ತಲೆಗೆ ಹೋಗುತ್ತಿಲ್ಲ, ಪೆನ್ನು ಹಿಡಿದ ಬೆರಳು ಕಾಗದದ ಮೇಲೆ ನಿಲ್ಲುತ್ತಿಲ್ಲ. ಅರ್ಧಕ್ಕೇ ಎದ್ದು ಬಂದೆ. ಪಿಜಿ ಮೆಟ್ಟಿಲ ಮೇಲೆ ಕಣ್ಣು ಕತ್ತಲೆ ಬಂತು. ರೂಮ್‌ಮೇಟ್ ಆಟೋದಲ್ಲಿ ಕೂರಿಸಿಕೊಂಡು ಹೋದಳು.

ಡಾಕ್ಟರ್ ನಾಡಿ ನೋಡಿ ಮೊದಲು ಕೇಳಿದ್ದೇ 'ಏನಮ್ಮಾ, ಸಣ್ಣ ಆಗೋಕೆ ಏನಾದ್ರೂ ತಗೊಳ್ತಿದ್ದೀಯಾ?' ಅಂತ. ಪರೀಕ್ಷೆ ಓದುವ ಮಕ್ಕಳು ಹೀಗೆ ಬರುವುದು ಹೊಸದಲ್ಲವಂತೆ. ಇಸಿಜಿ ಮಾಡಿದರು, ರಕ್ತ ತೆಗೆದರು. ಪೊಟ್ಯಾಶಿಯಂ 3.0 ಇತ್ತು, 3.5ಕ್ಕಿಂತ ಕೆಳಗೆ ಇಳಿಯಬಾರದು. ದಿನಾ ಭೇದಿ ಆದರೆ ಪೊಟ್ಯಾಶಿಯಂ ಅದರ ಜೊತೆ ಹೋಗುತ್ತದೆ, ಅದು ಕಡಿಮೆಯಾದರೆ ಎದೆಬಡಿತ ತಾಳ ತಪ್ಪುತ್ತದೆ, ಅದಕ್ಕೆ ಟೀ ಇವತ್ತೇ ನಿಲ್ಲಿಸು ಅಂದರು. ಕ್ಯಾಪ್ಸೂಲ್ ಒಳಗೆ ಏನಿದೆಯೋ ಲ್ಯಾಬ್‌ಗೆ ಕಳಿಸದೆ ಹೇಳೋಕಾಗಲ್ಲ ಅಂದರು, ಆದರೆ ಒಂದು ವಿಷಯ ಹೇಳಿದರು. ಸಿಬುಟ್ರಮಿನ್ ಅಂತ ಹಸಿವು ಕಟ್ಟುವ ಒಂದು ಔಷಧಿ ಇತ್ತು. ಬಿಪಿ, ನಾಡಿ ಏರಿಸುತ್ತದೆ, ಹೃದಯಕ್ಕೆ ಅಪಾಯ ಅಂತ ಗೊತ್ತಾಗಿ 2010ರಲ್ಲಿ ಯುರೋಪ್, ಅಮೆರಿಕದ ಮಾರುಕಟ್ಟೆಯಿಂದ ತೆಗೆದರು, 2011ರಲ್ಲಿ ಭಾರತದಲ್ಲೂ ನಿಷೇಧಿಸಿದರು. ಆದರೂ 'ಹರ್ಬಲ್', 'ನ್ಯಾಚುರಲ್' ಅಂತ ಮಾರುವ ಸ್ಲಿಮ್ಮಿಂಗ್ ಮಾತ್ರೆಗಳಲ್ಲಿ, ಲೇಬಲ್ ಮೇಲೆ ಹೆಸರೇ ಇಲ್ಲದೆ, ಅದು ಮತ್ತೆ ಮತ್ತೆ ಸಿಕ್ಕಿಬೀಳುತ್ತಿದೆ. ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂಥವುಗಳ ಬಗ್ಗೆ ಎಚ್ಚರಿಕೆ ಕೊಡುತ್ತಲೇ ಇದೆ.

ಕೋಚ್‌ಗೆ ರಿಪೋರ್ಟ್ ಕಳಿಸಿದೆ. ವಾಯ್ಸ್ ನೋಟ್ ಬಂತು: 'ಡಿಯರ್, ಅದು ಟಾಕ್ಸಿನ್ ಹೊರಗೆ ಬರ್ತಾ ಇರೋದು, ಒಳ್ಳೇ ಸೈನ್. ಡಾಕ್ಟರ್‌ಗಳಿಗೆ ನ್ಯೂಟ್ರಿಷನ್ ಪಾಠ ಇರಲ್ಲ. ಈಗ ನಿಲ್ಲಿಸಿದ್ರೆ ಡಬಲ್ ಆಗಿ ವಾಪಸ್ ಬರುತ್ತೆ.' ದುಡ್ಡು ವಾಪಸ್ ಕೊಡಿ ಅಂದಾಗ ಬೇರೆ ರಾಗ. ಇಬ್ಬರು ಫ್ರೆಂಡ್ಸ್‌ನ ಸೇರಿಸಿದರೆ ಅರ್ಧ ದುಡ್ಡು ಬರುತ್ತದಂತೆ, ಐದು ಜನ ಸೇರಿಸಿದರೆ ನಾನೇ ಕೋಚ್ ಅಂತೆ. ಆಗ ಗೊತ್ತಾಯಿತು, ಈಕೆಯೂ ಎರಡು ವರ್ಷದ ಹಿಂದೆ ಸಿಎ ಇಂಟರ್ ಓದುತ್ತಿದ್ದ ಹುಡುಗಿ. ಆ ಮೆಸೇಜ್ ನಮ್ಮ ನೋಟ್ಸ್ ಗ್ರೂಪಿಗೆ ಬಂದಿದ್ದು ಹಾಗೆ.

ಒಪ್ಪದೆ ಇದ್ದಾಗ ಫೋಟೋ ವಿಷಯ ಎತ್ತಿದಳು. ಸೇರುವಾಗ ಹೊಟ್ಟೆ ಕಾಣುವ ಹಾಗೆ 'ಬಿಫೋರ್' ಫೋಟೋ ತೆಗೆಸಿಕೊಂಡಿರುತ್ತಾರೆ, ಪ್ರೋಗ್ರೆಸ್ ನೋಡೋಕೆ ಅಂತ. ಅದನ್ನು ಪೇಜಿನಲ್ಲಿ ಹಾಕುವ ಹಕ್ಕು ಫಾರ್ಮಿನಲ್ಲಿ ಬರೆಸಿಕೊಂಡಿದ್ದೇವೆ ಅಂದಳು. ಹುಡುಗಿಯರೇ, ಈ ಒಂದು ಮಾತು ನೆನಪಿಟ್ಟುಕೊಳ್ಳಿ: ಮುಖ ಕಾಣುವ ಅಂಥ ಫೋಟೋ ಯಾವ ಕೋಚ್‌ಗೂ, ಯಾವ ಜಿಮ್‌ಗೂ ಕೊಡಬೇಡಿ. ನಾನು ಆ ಚಾಟ್ ಪೂರ್ತಿ ಸ್ಕ್ರೀನ್‌ಶಾಟ್ ತೆಗೆದು, ಸೈಬರ್ ಕ್ರೈಂ ಸಹಾಯವಾಣಿ 1930ಕ್ಕೆ ಹೇಳುತ್ತೇನೆ ಅಂದ ಮೇಲೆ ಫೋಟೋ ಮಾತು ನಿಂತಿತು.

ಬಿಲ್ ಕೇಳಿ, ಅದೊಂದು ಸುಲಭದ ಪರೀಕ್ಷೆ. ನಾನು ಪಟ್ಟು ಹಿಡಿದ ಮೇಲೆ ಒಂದು ಪಿಡಿಎಫ್ ಬಂತು. ಜಿಎಸ್‌ಟಿ ನಂಬರ್ ಕರ್ನಾಟಕದ 29ರಿಂದಲೇ ಶುರು, ಆದರೆ ಎಣಿಸಿದರೆ 14 ಇದೆ, ಇರಬೇಕಾದ್ದು 15. ಜಿಎಸ್‌ಟಿ ಓದಿದವಳಿಗೇ ಇದನ್ನು ಕಳಿಸಿದ್ದಾರೆ! ಡಬ್ಬದ ಮೇಲಿನ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಲೈಸೆನ್ಸ್ ನಂಬರ್‌ನಲ್ಲಿ 14 ಅಂಕೆ ಸರಿಯಾಗಿಯೇ ಇತ್ತು. ಆದರೆ ಇಲಾಖೆಯ ಫಾಸ್ಕಾಸ್ ವೆಬ್‌ಸೈಟಿನಲ್ಲಿ ಹಾಕಿದರೆ ಬಂದದ್ದು ಸಾಂಬಾರ್ ಪುಡಿ ಮಾಡುವ ಯಾವುದೋ ಘಟಕದ ವಿಳಾಸ. ಹಾಗಾಗಿ ನಂಬರ್ ಇದೆ ಅಂತ ಸುಮ್ನೆ ಆಗಬೇಡಿ, ಹಾಕಿ ನೋಡಿ, ಎರಡು ನಿಮಿಷದ ಕೆಲಸ. ಸಪ್ಲಿಮೆಂಟ್ ಅಂತ ಮಾರುವುದಾದರೆ ಅದು ಔಷಧಿಯಾಗಿ ಬಳಸಲು ಅಲ್ಲ ಅಂತ ಲೇಬಲ್ ಮೇಲೆ ಇರಲೇಬೇಕು. ಔಷಧಿ ಅಂತ ಮಾರುವುದಾದರೆ, 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯ ಪಟ್ಟಿಯಲ್ಲಿ ಬೊಜ್ಜೂ ಇದೆ, ಬೊಜ್ಜು ಕರಗಿಸುವ ಔಷಧಿ ಅಂತ ಜಾಹೀರಾತು ಹಾಕುವುದೇ ಅಪರಾಧ.

ಈಗ ಏನು ಮಾಡ್ತಿದ್ದೀಯ ಅಂತ ಕೇಳುವವರಿಗೆ: ದೊಡ್ಡದೇನೂ ಇಲ್ಲ. ಪರೀಕ್ಷೆ ಮಧ್ಯಾಹ್ನ 2ಕ್ಕೆ, ಅದಕ್ಕೆ ಹೊಂದುವ ಹಾಗೆ ಊಟದ ಹೊತ್ತು ಬದಲಾಯಿಸಿಕೊಂಡೆ. ರಾತ್ರಿ ಊಟ 8ಕ್ಕೇ. ಆಡಿಟಿಂಗ್ ಸ್ಟ್ಯಾಂಡರ್ಡ್ಸ್ ರಿವಿಜನ್ ಆಡಿಯೊ ಕಿವಿಗೆ ಹಾಕಿಕೊಂಡು ಸಂಜೆ ಪಾರ್ಕಿನಲ್ಲಿ ಅರ್ಧ ಗಂಟೆ ನಡೆಯುತ್ತೇನೆ, ವಾರಕ್ಕೆ ಐದು ದಿನ ನಡೆದರೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ 150 ನಿಮಿಷ ಆಗುತ್ತದೆ. ಪಿಜಿ ಆಂಟಿಗೆ ಹೇಳಿ ಅನ್ನ ಒಂದು ಹಿಡಿ ಕಡಿಮೆ, ಪಲ್ಯ, ಕಾಳು ಒಂದು ಸೌಟು ಜಾಸ್ತಿ, ಅವರು ಬೈದುಕೊಂಡೇ ಹಾಕುತ್ತಾರೆ. ತೂಕ ನಿಧಾನಕ್ಕೆ ಇಳಿಯುತ್ತಿದೆ, ಪರೀಕ್ಷೆ ಮುಗಿಯುವ ತನಕ ಇನ್ನೂ ಜಾಸ್ತಿ ಆಗದಿದ್ದರೆ ನನಗೆ ಅಷ್ಟೇ ಸಾಕು.

ದುಡ್ಡಿನ ಕಥೆ ಇನ್ನೂ ಮುಗಿದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆ, ನೀವೂ ಕೊಡಬಹುದು, ದುಡ್ಡು ಖರ್ಚಿಲ್ಲ. ಡಬ್ಬ, ಟೀ ಪ್ಯಾಕೆಟ್, ಉಳಿದ ಕ್ಯಾಪ್ಸೂಲ್, ಯುಪಿಐ ರಸೀದಿ, ಡಾಕ್ಟರ್ ಚೀಟಿ ಯಾವುದನ್ನೂ ಎಸೆಯಬೇಡಿ, ದೂರಿಗೆ ಎಲ್ಲವೂ ಬೇಕಾಗುತ್ತವೆ. ಕಂಪನಿಯಿಂದ ಬಂದ ಉತ್ತರ, 'ಆ ವ್ಯಕ್ತಿ ನಮ್ಮ ಅಧಿಕೃತ ಮಾರಾಟಗಾರರಲ್ಲ.' ಕೋಚ್ ಕಡೆಯಿಂದ 4,000 ಕೊಡುತ್ತೇವೆ, ಗ್ರೂಪಿನಲ್ಲಿ ಬರೆದದ್ದು ಅಳಿಸಿ ಅಂತ ಬಂತು. ಅಳಿಸಿಲ್ಲ, ಪೂರ್ತಿ ದುಡ್ಡು ಕೇಳಿದ್ದೇನೆ. ಮೊನ್ನೆ ಸಿಎಂಎ ಓದುವ ಜೂನಿಯರ್ ಒಬ್ಬಳು ತನಗೆ ಬಂದ ಮೆಸೇಜ್ ಕಳಿಸಿದಳು. ಅದೇ ಹಸಿರು ಕ್ಯಾಪ್ಸೂಲ್, ಹೊಸ ಲೇಬಲ್, ಬೆಲೆ ಈಗ 10,500.